ಕಫ ಪರೀಕ್ಷೆ ಕೋಣೆಯ ಐದನೆಯ ಫೋಟೋ

ಇದು ಹೋದ ವರ್ಷ ಫೆಬ್ರುವರಿಯಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ಮುಗಿಯಿತು. ನಾನು ಬಿ.ಎಸ್ಸಿ. ಮುಗಿಸಿ ಸರ್ಕಾರಿ ಆಸ್ಪತ್ರೆಯ ಕಫ ಪರೀಕ್ಷೆಯ ಕೆಲಸಕ್ಕೆ ಸೇರಿದ ಮೊದಲ ವರ್ಷ. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಬಣ್ಣ ಹಾಕಿ, ಟಿ.ಬಿ. ರೋಗಾಣು ಹುಡುಕುವುದು ನನ್ನ ಕೆಲಸ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೂ ಬಾಗಿಲಲ್ಲಿ ನಿಂತು ಯಾರಾದರೂ ಏನಾದರೂ ಕೇಳಿಬಿಡುತ್ತಾರೆ.

ಚನ್ನಗಿರಿ: ಒಂದೇ ಮನೆಯವರು

ನನ್ನ ಮೊದಲ ಆಸ್ಪತ್ರೆ ಇಲ್ಲಿ. ಕೋಣೆಯ ಗೋಡೆ ಖಾಲಿ ಇತ್ತು. ನಾಲ್ವರು ವಿಜ್ಞಾನಿಗಳ ಫೋಟೋ ಹಾಕಬೇಕೆನಿಸಿತು. ಟಿ.ಬಿ. ರೋಗಾಣುವನ್ನು ಮೊದಲು ಕಂಡವರು, ಬೂಷ್ಟಿನಲ್ಲಿ ಔಷಧ ಕಂಡವರು, ಮಣ್ಣಿನಿಂದ ಟಿ.ಬಿ. ಔಷಧ ತೆಗೆದವರು, ಬಾಣಂತಿಯರನ್ನು ಮುಟ್ಟುವ ಮೊದಲು ಕೈ ತೊಳೆಯಿರಿ ಎಂದು ವೈದ್ಯರಿಗೇ ಹೇಳಿದವರು. ಹೆಸರಿನ ಕೆಳಗೆ ಹುಟ್ಟಿದ ವರ್ಷ, ತೀರಿಕೊಂಡ ವರ್ಷ ಬರೆದು ಸ್ಟುಡಿಯೋದಲ್ಲಿ ಕೊಟ್ಟೆ.

ಸ್ಟುಡಿಯೋದವರು ಚೀಟಿ ಓದಿ ದನಿ ತಗ್ಗಿಸಿದರು. "ನಾಲ್ಕೂ ಜನ ಒಂದೇ ಮನೆಯೋರೇನ್ರಿ?"

"ಅಲ್ಲ, ಒಂದೇ ಕೆಲಸದವರು."

"ಛೇ. ಒಟ್ಟಿಗೇ ಹೋದ್ರಾ?"

"ಇಲ್ಲ, ಬೇರೆ ಬೇರೆ ವರ್ಷ."

"ಬಿಡ್ರಿ. ನಮ್ಮ ಕೈಯಾಗೆ ಏನೈತೆ."

ಫೋಟೋ ತರಲು ಹೋದಾಗ ವರ್ಷಗಳು ಬಂಗಾರದ ಬಣ್ಣದಲ್ಲಿದ್ದವು. ನಾನು ಕೇಳದಿದ್ದರೂ ನಾಲ್ಕಕ್ಕೂ ಪ್ಲಾಸ್ಟಿಕ್ ಹಾರ ಹಾಕಿದ್ದರು. ಹಾರ ಬಿಚ್ಚತೊಡಗಿದೆ.

"ತೆಗೀಬ್ಯಾಡ್ರಿ ಮೇಡಂ," ಎಂದರು. "ಬಂದ ನೆಂಟರು ಏನಂದ್ಕೊಂಡಾರು?"

ಜಗಳೂರು: ಮಂಡಿ ನೋವು

ಮಾರ್ಚ್‌ನಲ್ಲಿ ಜಗಳೂರಿನ ತಪಾಸಣಾ ಶಿಬಿರಕ್ಕೆ ಕಳಿಸಿದರು. ಫೋಟೋಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಶಾಲೆಯ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಒಬ್ಬ ಅಜ್ಜಿ ನಾಲ್ಕಕ್ಕೂ ಕೈ ಮುಗಿದು ಕೇಳಿದರು:

"ಇವರಾಗೆ ಮಂಡಿ ನೋವಿಗೆ ಯಾರವ್ವ?"

"ಯಾರೂ ಇಲ್ಲ ಅಜ್ಜಿ. ಇವರೆಲ್ಲ ಅಂಟುರೋಗಕ್ಕೆ."

ಅಜ್ಜಿ ಗಡ್ಡದವರೊಬ್ಬರನ್ನು ಸ್ವಲ್ಪ ಹೊತ್ತು ನೋಡಿದರು. "ಇಷ್ಟು ಗಡ್ಡ ಬರೋತಂಕ ಕುಂತಿದ್ದನಲ್ಲ, ಮಂಡಿ ಕಡೆ ಒಂದೀಟು ನೋಡಾಕೆ ಏನಾಗಿತ್ತು?"

ನ್ಯಾಮತಿ: ನನ್ನ ಉತ್ತರ

ಏಪ್ರಿಲ್‌ನಲ್ಲಿ ನನ್ನನ್ನು ನ್ಯಾಮತಿಗೆ ಹಾಕಿದರು. ಫೋಟೋಗಳನ್ನು ಅಲ್ಲಿನ ಕೋಣೆಯ ಗೋಡೆಗೆ ಹಾಕಿದೆ.

ಸವಳಂಗದಿಂದ ಒಬ್ಬರು ಬಂದರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಊರಿಗೆಲ್ಲ ಅವರು ಹಾಸಿಗೆ ಚಾಚಾ. ಮೂರು ತಿಂಗಳಿಂದ ಕೆಮ್ಮು. ಹತ್ತಿಯ ಧೂಳು ಎಂದುಕೊಂಡು ಸುಮ್ಮನಿದ್ದರು. ಧೂಳಲ್ಲ. ಪಟ್ಟಿಯ ತುಂಬ ರೋಗಾಣು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ಇವರ ಪಕ್ಕದಲ್ಲೇ ಮಲಗುತ್ತಿದ್ದಳು. ವೈದ್ಯರು ಆರು ತಿಂಗಳ ಗುಳಿಗೆ ಬರೆದರು. ಮೊದಲ ಪೊಟ್ಟಣ ನಾನೇ ಕೊಟ್ಟೆ. ಚಾಚಾ ಗೋಡೆ ನೋಡುತ್ತಿದ್ದರು.

"ಇವರೆಲ್ಲ ಯಾರು ಬೇಟಿ?"

"ಇಂಥ ಕಾಯಿಲೆಗಳ ಹಿಂದೆ ಬಿದ್ದಿದ್ದವರು ಚಾಚಾ."

"ಈಗ ಎಲ್ಲಿ ಅದಾರೆ?"

"ತೀರಿಕೊಂಡಿದ್ದಾರೆ."

"ನಾಲ್ಕೂ ಜನಾನಾ? ಹೆಂಗೆ?"

ಕೇಳಿದ್ದಕ್ಕೆ ತಪ್ಪಿಲ್ಲದೆ ಉತ್ತರಿಸುವುದು ನನ್ನ ಅಭ್ಯಾಸ. "ಮೊದಲ ಇಬ್ಬರದು ಹೃದಯಾಘಾತ. ಮೂರನೆಯವರಿಗೆ ವಯಸ್ಸಾಗಿತ್ತು. ಈ ಕೊನೆಯವರಿಗೆ ಕೈ ಗಾಯ ಕೀವಾಗಿ."

ಚಾಚಾ ಪೊಟ್ಟಣವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಇದಕ್ಕಿಂತ ನನ್ನ ಕೆಮ್ಮೇ ವಾಸಿ," ಎಂದು ಹೊರಟುಹೋದರು.

ಹೊನ್ನಾಳಿ: ಟೋಪಿ

ಮೂರು ದಿನದ ಮೇಲೆ ಅವರು ಹೊನ್ನಾಳಿಯಲ್ಲಿ, ನೆಂಟರ ಮನೆಯ ಮದುವೆಗೆ ಹಾಸಿಗೆ ಹೊಲಿಯುತ್ತಿದ್ದಾರೆಂದು ತಿಳಿಯಿತು. ತಪ್ಪು ನನ್ನದು. ಪೊಟ್ಟಣ ಹಿಡಿದು ಹೋದೆ. ಚಾಚಾ ಜಗುಲಿಯಲ್ಲಿ ಕೋಲಿನಿಂದ ಹತ್ತಿ ಬಡಿಯುತ್ತಿದ್ದರು. ಹೊಸ ಹಾಸಿಗೆಯ ಮೇಲೆ ಮೊಮ್ಮಗಳು ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಚಾಚಿ.

"ಈ ಗುಳಿಗೆ ನುಂಗಿ ಬದುಕಿರೋನು ಒಬ್ಬನ್ನ ತೋರಿಸು," ಎಂದರು ಚಾಚಾ.

"ಬೇಕಾದಷ್ಟು ಜನ ಇದ್ದಾರೆ. ಆದರೆ ಹೆಸರು ಹೇಳುವಂತಿಲ್ಲ, ಗುಟ್ಟಾಗಿಡಬೇಕು."

"ನೋಡು, ನಿಮ್ಮ ಆಸ್ಪತ್ರೆ ಹೆಂಗೈತೆ! ಸತ್ತೋರನ್ನ ಗೋಡೆಗೆ ಹಾಕ್ತೀರಿ, ಬದುಕಿರೋರನ್ನ ಬಚ್ಚಿಡ್ತೀರಿ."

ಮಗು ನಿದ್ದೆಯಲ್ಲೇ ಒಮ್ಮೆ ಕೆಮ್ಮಿತು. ಚಾಚಾರ ಕೋಲು ನಿಂತಿತು.

"ಹಾಗಾದರೆ ಆ ಒಬ್ಬರು ನೀವೇ ಆಗಿ ಚಾಚಾ," ಎಂದೆ. "ನೀವು ಒಪ್ಪಿದರೆ ನಿಮ್ಮ ಫೋಟೋ ಹಾಕುತ್ತೇನೆ."

ಅವರು ಮಗುವನ್ನೇ ನೋಡುತ್ತ ಕೈ ಚಾಚಿದರು. ಪೊಟ್ಟಣ ಕೊಟ್ಟೆ.

"ಫೋಟೋಕ್ಕೆ ಟೋಪಿ ಇರ್ಲೋ, ಬ್ಯಾಡ್ವೋ?"

"ಮೊದ್ಲು ಗುಳಿಗೆ ನುಂಗ್ರಿ," ಎಂದರು ಚಾಚಿ. "ಶೋಕಿ ಆಮ್ಯಾಲೆ."

ಮತ್ತೆ ನ್ಯಾಮತಿ: ಗೆರೆಯ ಮುಂದಿನ ಜಾಗ

ಮಗುವನ್ನು ಪರೀಕ್ಷಿಸಿದರು. ರೋಗವಿರಲಿಲ್ಲ, ಬರದಂತೆ ಔಷಧ ಕೊಟ್ಟರು. ಚಾಚಾ ಒಂದು ದಿನವೂ ತಪ್ಪಿಸಲಿಲ್ಲ. ಆರನೆಯ ತಿಂಗಳ ಕೊನೆಗೆ ಅವರ ಪಟ್ಟಿಯನ್ನು ನೂರು ಕಡೆ ನೋಡಿದೆ. ಒಂದೂ ರೋಗಾಣು ಇಲ್ಲ. ಇನ್ನೊಮ್ಮೆ ನೋಡಿದೆ. ಇಲ್ಲ.

ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು ಅವರ ಫೋಟೋ ಮಾಡಿಸಿದೆ. ಚನ್ನಗಿರಿಯ ಅದೇ ಸ್ಟುಡಿಯೋ. ಟೋಪಿ ಇತ್ತು. ಕೆಳಗೆ ಬಂಗಾರದ ಬಣ್ಣದಲ್ಲಿ ಹುಟ್ಟಿದ ವರ್ಷ, ಆಮೇಲೆ ಒಂದು ಗೆರೆ. ನಾಲ್ವರ ಪಕ್ಕದಲ್ಲಿ ತೂಗುಹಾಕಿದೆ.

ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದ ಗೋವಿನಕೋವಿಯ ಒಬ್ಬರು ಅದನ್ನು ನೋಡಿ, ಸವಳಂಗದ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು. ಮಧ್ಯಾಹ್ನದೊಳಗೆ ಚಾಚಾರ ಮನೆ ಮುಂದೆ ಏಳು ಬೈಕು ನಿಂತವು. ಬಾಗಿಲು ತೆರೆದದ್ದು ಚಾಚಾ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ್ ಎಲ್ರೂ ಒಟ್ಟಿಗೇ ಬಂದ್ರಿ?"

"ಹಿಂಗೇ."

ಚಾಚಾ ಅವರಿಗೆ ಹಾಸಿಗೆ ಹಾಸಿದರು, ಚಾಚಿ ಚಹಾ ಕೊಟ್ಟರು. ಎರಡನೆಯ ಸಲ ಚಹಾ ಬಂದಾಗ ಒಬ್ಬ ಹಿರಿಯರು ಬಾಯಿ ಬಿಟ್ಟರು: "ಮಣ್ಣು ಯಾವಾಗ ಅಂತ ಕೇಳಾಕೆ ಬಂದಿದ್ವಿ."

ಮರುದಿನ ಚಾಚಾ ನನ್ನ ಕೋಣೆಗೆ ಬಂದು ಫೋಟೋದ ಮುಂದೆ ನಿಂತರು.

"ಬೇಟಿ, ಈ ಗೆರೆ ಆದಮ್ಯಾಲೆ ಜಾಗ ಯಾಕೆ ಬಿಟ್ಟಾರೆ?"

"ಸ್ಟುಡಿಯೋದವರ ಅಭ್ಯಾಸ ಚಾಚಾ."

"ಭಾಳ ಮುಂದಾಲೋಚನೆ ಐತೆ ಅವನಿಗೆ."

ನನ್ನ ಸ್ಕೆಚ್ ಪೆನ್ನು ತೆಗೆದುಕೊಂಡು ಆ ಜಾಗ ತುಂಬುವಷ್ಟು ದೊಡ್ಡದಾಗಿ "ಅದಾನೆ" ಎಂದು ಬರೆದು ಹೋದರು.

ಹೊಸಬರು ಈಗಲೂ ಗೋಡೆ ನೋಡಿ ಕೇಳುತ್ತಾರೆ. ಗುಳಿಗೆ ಕೈಯಲ್ಲಿಟ್ಟ ಮೇಲೆಯೇ ಉತ್ತರ ಹೇಳುತ್ತೇನೆ. ಫೋಟೋ ಐದು. ತೀರಿಕೊಂಡವರು ನಾಲ್ವರು. ಇರುವವರು ಒಬ್ಬರು.