ಸರಾಸರಿ ಸಂಬಳದವರು ಬಂದು ಜಾಮೀನು ಸಹಿ ಹಾಕಬೇಕಾಗಿ ವಿನಂತಿ

ಕಂಪ್ಯೂಟರ್ ಎಂಜಿನಿಯರಿಂಗ್ ಪದವೀಧರರ ಸರಾಸರಿ ಸಂಬಳದವರ ದಿವ್ಯ ಸನ್ನಿಧಾನಕ್ಕೆ, ಶಾಲಾಮಕ್ಕಳ ಸಮವಸ್ತ್ರ ಹೊಲಿದು ಬದುಕುವ ಹೆಂಗಸೊಬ್ಬಳು ಕೊರಳಿನ ಟೇಪು ತೆಗೆದಿಟ್ಟು ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಾಲೇಜಿನವರು ಕೊಟ್ಟ ಹೊಳೆಯುವ ಪುಸ್ತಿಕೆಯ ಮೊದಲ ಪುಟದಲ್ಲೇ ತಮ್ಮ ದರ್ಶನವಾಯಿತು. ಪ್ರಾಂಶುಪಾಲರ ಫೋಟೊಗಿಂತ ದೊಡ್ಡದಾಗಿ, ಬಂಗಾರದ ಬಣ್ಣದಲ್ಲಿ ಅಚ್ಚಾಗಿರುವ ತಮ್ಮನ್ನು ನೋಡಿ ನನಗೆ ಭಕ್ತಿ ಬಂತು. ಶುಕ್ರವಾರ ನಾಲ್ಕು ಗಂಟೆಯೊಳಗೆ ಶುಲ್ಕ ಕಟ್ಟದಿದ್ದರೆ ನನ್ನ ಮಗಳಿಗೆ ಸಿಕ್ಕಿರುವ ಸೀಟು ಇನ್ಯಾರದೋ ಪಾಲಾಗುತ್ತದೆ. ಇಂದು ಬುಧವಾರ. ಕಾಲೇಜಿನ ಹುಡುಗಿ ದಿನಕ್ಕೆರಡು ಸಲ ಫೋನು ಮಾಡಿ "ಮೇಡಂ, ಒಂದೇ ಸೀಟು ಉಳಿದಿರೋದು" ಎನ್ನುತ್ತಾಳೆ. ಕಳೆದ ವಾರವೂ ಒಂದೇ ಉಳಿದಿತ್ತು, ಪಾಪ, ಅದನ್ನು ಯಾರೂ ಮುಟ್ಟಿಲ್ಲ.

ನಾನು ಭಾಗಾಕಾರ ಕಲಿಯುವ ಮೊದಲೇ ಶಾಲೆ ಬಿಟ್ಟವಳು, ಆದ್ದರಿಂದ ಲೆಕ್ಕವನ್ನು ಸಮವಸ್ತ್ರದಲ್ಲೇ ಹಾಕಿದೆ, ತಾವು ಮನ್ನಿಸಬೇಕು. ನಾಲ್ಕು ವರ್ಷದ ಶುಲ್ಕವೆಂದರೆ ನಾಲ್ಕು ಸಾವಿರದ ಮುನ್ನೂರ ಎಂಬತ್ತು ಜೊತೆ ಸಮವಸ್ತ್ರದ ಕೂಲಿ. ದಿನಕ್ಕೆ ಮೂರರಂತೆ, ಭಾನುವಾರವೂ ಬಿಡದೆ ಹೊಲಿದರೆ, ಅವಳ ಓದು ಮುಗಿಯುವ ದಿನವೇ ನನ್ನ ಕೊನೆಯ ಗುಂಡಿಯೂ ಮುಗಿಯುತ್ತದೆ, ನಡುವೆ ಯಾರೂ ಊಟ ಮಾಡದಿದ್ದರೆ. ತಾವಾದರೋ ತಿಂಗಳಿಗೆ ನೂರ ಎಂಬತ್ತು ಜೊತೆಗೆ ಸಮ, ಅಂದರೆ ಇಬ್ಬರು ನಾನು! ಮಗಳು ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ ಹತ್ತು ದಿನ ಬಸ್ಸು ಹತ್ತದೆ, ಚಪ್ಪಲಿ ಸವೆಸದೆ, ಹಸಿವೆಂಬ ಕೆಟ್ಟ ಚಟವನ್ನು ಬಿಟ್ಟು ತಮ್ಮನ್ನು ಪೂರ್ತಿ ಉಳಿಸಿದರೆ ಸಾಲ ತೀರಿತು. ಬಡ್ಡಿಗೆ ಬೇಕಾದರೆ ಇನ್ನೊಂದಷ್ಟು ದಿನ ಉಸಿರಾಡುವುದನ್ನೂ ಕಡಿಮೆ ಮಾಡಬಹುದು.

ಇಷ್ಟಾದರೂ ನನಗೆ ತಮ್ಮ ಬಗ್ಗೆ ಒಂದು ಅನುಮಾನ. ಹಿಂದೊಮ್ಮೆ ಒಂದು ಶಾಲೆಯ ಹೆಡ್‌ಮಾಸ್ತರರು ಸಮಯ ಉಳಿಸಲೆಂದು, ಅರವತ್ತು ಮಕ್ಕಳ ಅಳತೆ ತೆಗೆಯಲು ಬಿಡದೆ, ಸರಾಸರಿ ಎದೆ, ಸರಾಸರಿ ತೋಳು, ಸರಾಸರಿ ಉದ್ದ ಎಂದು ಚೀಟಿ ಬರೆದು ಕಳಿಸಿದರು. ನಾನು ಪೆದ್ದಿ, ಅರವತ್ತನ್ನೂ ಹಾಗೇ ಹೊಲಿದೆ. ನಾಲ್ಕು ಮಕ್ಕಳಿಗೆ ಸರಿಹೋಯಿತು. ಉಳಿದವರಲ್ಲಿ ಕೆಲವರ ಕೈಗಳು ತೋಳೊಳಗೆ ಕಾಣೆಯಾದವು, ಕೆಲವರಿಗೆ ಗುಂಡಿಯೇ ಕೂಡಲಿಲ್ಲ. ಹೆಡ್‌ಮಾಸ್ತರರು ಚೀಟಿಯನ್ನು ಎರಡು ಸಲ ಕೂಡಿಸಿ ಭಾಗಿಸಿ, "ಲೆಕ್ಕ ಸರಿಯಾಗೇ ಇದೆಯಲ್ಲಮ್ಮ, ಮಕ್ಕಳೇ ಸರಿಯಿಲ್ಲ" ಎಂದರು. ಐವತ್ತಾರು ಜೊತೆ ಬಿಚ್ಚಿ ಮತ್ತೆ ಹೊಲಿದ ಬೆರಳುಗಳಿಂದಲೇ ಈ ಪತ್ರ ಬರೆಯುತ್ತಿರುವುದರಿಂದ ಕೇಳುತ್ತೇನೆ: ತಾವು ಎಷ್ಟು ಜನರ ಮೈಗೆ ಸರಿಹೋಗಿದ್ದೀರಿ?

ಬ್ಯಾಂಕಿನಲ್ಲಿ ಸಾಲದ ಅರ್ಜಿ ತೆಗೆದುಕೊಂಡ ಹುಡುಗ ಬಹಳ ಮರ್ಯಾದಸ್ಥ. ತಮ್ಮ ಪುಟವನ್ನು ತೋರಿಸಿದರೆ ನಕ್ಕು, "ನಾನೂ ಇದೇ ಎಂಜಿನಿಯರಿಂಗ್ ಓದಿದ್ದು ಆಂಟಿ" ಎಂದು ನನ್ನ ಅರ್ಜಿಗೆ ಗಟ್ಟಿಯಾಗಿ ಮೊಹರು ಒತ್ತಿದ. ತಮ್ಮನ್ನು ಭಾಗಿಸುವಾಗ ಅವನನ್ನು ಸೇರಿಸಿಕೊಂಡಿದ್ದರೋ, ಇಲ್ಲ ಅವನು ಆ ದಿನ ರಜೆಯಲ್ಲಿದ್ದನೋ ಎಂಬುದನ್ನು ತಾವೇ ತಿಳಿಸಬೇಕು.

ಆ ಹುಡುಗ ಕೇಳಿದ್ದು ಒಂದೇ: ಜಾಮೀನಿಗೆ ಯಾರಿದ್ದಾರೆ? ಅಕ್ಕನ ಗಂಡನನ್ನು ಕೇಳಿದೆ. "ಓದ್ಸು, ಬೇಡ ಅನ್ನಲ್ಲ. ಸಹಿ ಮಾತ್ರ ಕೇಳ್ಬೇಡ" ಎಂದರು ಭಾವ. ಮಗಳು ರಾತ್ರಿಯೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿ, ಬೆಳಿಗ್ಗೆ "ಬಿಡಮ್ಮ, ನಂಗೇನೂ ಅಷ್ಟು ಆಸೆ ಇಲ್ಲ" ಎಂದಳು. ಸುಳ್ಳು ಹೇಳುವಾಗ ಅವಳು ನನ್ನನ್ನು ನೋಡುವುದಿಲ್ಲ.

ಆದಕಾರಣ ಮಹನೀಯರಾದ ತಾವೇ ದಯಮಾಡಿಸಿ ಜಾಮೀನು ಸಹಿ ಹಾಕಬೇಕು. ಇಷ್ಟು ಸಂಬಳವಿರುವವರಿಗೆ ಒಂದು ಸಹಿ ಯಾವ ಮಹಾ ಭಾರ? ಎರಡು ಫೋಟೊ, ಗುರುತಿನ ಚೀಟಿ, ಮನೆಯ ವಿಳಾಸದ ಪುರಾವೆ ತರಬೇಕಂತೆ. ತಮಗೆ ಮನೆ, ಮುಖ ಎರಡೂ ಇಲ್ಲವಾದರೆ ದಯವಿಟ್ಟು ಮೊದಲೇ ತಿಳಿಸಿ, ನಾನು ಬ್ಯಾಂಕಿನಲ್ಲಿ ಕಾಯುವ ಅರ್ಧ ದಿನ ಉಳಿಯುತ್ತದೆ.

ಜಾಮೀನು ಸಿಗುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಸಮವಸ್ತ್ರದ ಟೈಲರಮ್ಮ

ಆಮೇಲೆ ಸೇರಿಸಿದ್ದು: ತಾವು ಬರಲಿಲ್ಲ. ಗುರುವಾರ ಮಗಳು ನನಗೆ ಹೇಳದೆ ಭಾವನ ಮನೆಗೆ ಹೋಗಿ, "ದೊಡ್ಡಪ್ಪ, ಪುಸ್ತಿಕೆಲಿರೋ ಆ ಕೆಲಸ ಸಿಗದಿದ್ರೆ ಯಾವ ಕೆಲಸ ಸಿಗುತ್ತೋ ಅದನ್ನ ಮಾಡಿ ತೀರಿಸ್ತೀನಿ" ಎಂದಳಂತೆ. ಅವರು ಅರ್ಧ ಗಂಟೆ ಬೈದು ಸಹಿ ಹಾಕಿದರು. ಶುಕ್ರವಾರ ಸಾಲದ ಚೆಕ್ಕನ್ನು ಕೈಯಲ್ಲಿ ಹಿಡಿದೇ ಶುಲ್ಕದ ಕೌಂಟರಿನಲ್ಲಿ ನಾನು ಗುಮಾಸ್ತರನ್ನು ಕೇಳಿದೆ, ನನ್ನ ಮುಂದಿನವರು ಪೂರ್ತಿ ಕಟ್ಟಿದ್ದಾರೆ, ನಾನು ಸೊನ್ನೆ ಕಟ್ಟುತ್ತೇನೆ, ಇಬ್ಬರದೂ ಸೇರಿಸಿ ಸರಾಸರಿ ಶುಲ್ಕ ಬಂತೆಂದು ಬರೆದುಕೊಳ್ಳಬಹುದಲ್ಲ ಎಂದು. ಅವರು ಕನ್ನಡಕದ ಮೇಲಿಂದ ನೋಡಿ, "ಅಮ್ಮಾ, ಇಲ್ಲಿ ಒಬ್ಬೊಬ್ಬರದೂ ಬೇರೆ ಬೇರೆ ಲೆಕ್ಕ" ಎಂದರು.