ಯಾರೂ ಮೂಸದ ಹೂವು

ನಮ್ಮತ್ತೆಯನ್ನು ಕರೆದುಕೊಂಡು ಎಲ್ಲಿಗೆ ಹೋದರೂ ಏನಾದರೊಂದು ಆಗದೆ ವಾಪಸು ಬಂದದ್ದಿಲ್ಲ. ಅಮೆರಿಕದಲ್ಲಿ ನಾವಿರುವ ರಾಲಿಯ ಗ್ರೋಸರಿ ಅಂಗಡಿಯಲ್ಲೇ ಆಗುತ್ತದೆ, ಇನ್ನು ಹವಾಯಿಯಲ್ಲಿ ಬಿಡುತ್ತದೆಯೇ?

ಅತ್ತೆ ಮೈಸೂರಿನಲ್ಲಿ ಹೈಸ್ಕೂಲ್ ಮೇಡಂ ಆಗಿದ್ದವರು, ಈಗ ನಮ್ಮ ಜೊತೆಗಿದ್ದಾರೆ. ಅವರಿಗೊಂದು ಕೊರಗು. ಈ ದೇಶಕ್ಕೆ ಬಂದಮೇಲೆ ತಮ್ಮ ಕೈಯಾರೆ ಗಿಡದಿಂದ ಬಿಡಿಸಿದ ಹೂವನ್ನು ದೇವರಿಗೆ ಏರಿಸಿರಲಿಲ್ಲ. ಹಿತ್ತಲಲ್ಲಿ ನೆಟ್ಟದ್ದನ್ನೆಲ್ಲ ಜಿಂಕೆಗಳು ಮೊಗ್ಗಿನಲ್ಲೇ ಮುಗಿಸುತ್ತಿದ್ದವು. ಅಂಗಡಿಯ ಹೂವನ್ನು ಎಷ್ಟು ಜನ ಮೂಸಿರುತ್ತಾರೋ, ಮೂಸಿದ ಹೂವು ದೇವರಿಗೆ ಸಲ್ಲದು. ಹವಾಯಿಯಲ್ಲಿ ಒಂದು ಕುಟುಂಬದ ಹೂದೋಟಕ್ಕೆ ಟೂರ್ ಬುಕ್ ಮಾಡಿದ್ದೇ ತಡ, ಈ ಸಲದ ವರಮಹಾಲಕ್ಷ್ಮಿಗೆ ಅಲ್ಲಿಯದೇ ಹೂವು ಎಂದು ಅತ್ತೆ ಸಂಕಲ್ಪ ಮಾಡಿಬಿಟ್ಟರು.

ಸನ್ಮಾನ

ತೋಟದ ಬಾಗಿಲಲ್ಲೇ ಆ ಕುಟುಂಬದ ಅಜ್ಜಿ ಬಂದು ಅತ್ತೆಯ ಕೊರಳಿಗೆ ಹೂವಿನ ಹಾರ ಹಾಕಿದರು. ಅತ್ತೆ ಕೈಮುಗಿದು, ನಮ್ಮ ಕಡೆ ಸನ್ಮಾನವಾದವರೆಲ್ಲ ಮಾಡುವಂತೆ, ತಕ್ಷಣ ಹಾರ ತೆಗೆದು ಮೇಜಿನ ಮೇಲಿಟ್ಟರು. ಅಜ್ಜಿ ಮತ್ತೆ ಹಾಕಿದರು. ಅತ್ತೆ ಮತ್ತೆ ತೆಗೆದರು. ಹಾಕಿದವರ ಎದುರಿಗೇ ತೆಗೆದರೆ ಇಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನಾನು ಪಿಸುಗುಟ್ಟಿದೆ. ಹಾಕಿಕೊಂಡೇ ಇದ್ದರೆ ಜಂಬ ಅಂದುಕೊಳ್ಳುವುದಿಲ್ಲವೇ ಎಂದು ಅವರು ಕೇಳಿದರು. ಕೊನೆಗೆ ಹಾರ ಹಾಕಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತರು. ಸ್ವಲ್ಪ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದರು.

"ಶಾಲು ಬಂದ್ಮೇಲೆ ಮಾತಾಡ್ಲಾ, ಈಗ್ಲೇ ಎರಡು ಮಾತಾಡಿಬಿಡ್ಲಾ?"

ಸೈಟು

ಕಾಲ ಕೆಳಗಿದ್ದದ್ದು ಕರೀ ಲಾವಾ ಪುಡಿ, ಗಿಡಗಳೆಲ್ಲ ಅದರಲ್ಲೇ ಬೆಳೆಯುವುದು. ಜ್ವಾಲಾಮುಖಿ ಇನ್ನೂ ಜೀವಂತವಾಗಿದೆ ಎಂದರು ಅಜ್ಜಿ. ನಾನು ಕನ್ನಡದಲ್ಲಿ ಹೇಳಿದೆ. ನೋಡದೆ ಸೈಟು ತಗೊಂಡವರು ಯಾರು ಎಂದು ಕೇಳು ಅಂದರು ಅತ್ತೆ. ಹೆದರುತ್ತಲೇ ಕೇಳಿದೆ. ಅಜ್ಜಿ ನಕ್ಕುಬಿಟ್ಟರು. ತಮ್ಮ ಅತ್ತೆಯೂ ಮದುವೆಯಾಗಿ ಬಂದ ದಿನ ಮಾವನನ್ನು ಇದನ್ನೇ ಕೇಳಿದ್ದರಂತೆ.

ಮೂಗುಗಳು

ಮುಂದೆ ದೇವಗಣಗಿಲೆ ಮರಗಳು. ಟೂರಿಗೆ ಬಂದವರೆಲ್ಲ ಕೊಂಬೆ ಬಗ್ಗಿಸಿ ಮೂಸತೊಡಗಿದರು. ಅತ್ತೆಗೆ ಸಂಕಟ. ಯಾರ ಮೂಗೂ ಮುಟ್ಟದ ಒಂದು ಮರ ಬೇಕೆಂದು ಅಜ್ಜಿಗೆ ನನ್ನಿಂದ ಹೇಳಿಸಿದರು. ಅಜ್ಜಿ ಏನೂ ಪ್ರಶ್ನೆ ಕೇಳದೆ ಮನೆಯ ಹಿಂದಿನ ಮರಕ್ಕೆ ಕರೆದೊಯ್ದರು. ಅತ್ತೆ ಉಸಿರು ಬಿಗಿಹಿಡಿದು ಹೂವು ಬಿಡಿಸಿ ಡಬ್ಬಕ್ಕೆ ಹಾಕಿಕೊಂಡರು. ಅವರ ಮುಖ ನೋಡಿ ನನಗೂ ಖುಷಿಯಾಯಿತು.

ಆಗ ಜೊತೆಗಿದ್ದ ನನ್ನ ಪುಟ್ಟ ಮಗಳು ಅತ್ತೆಯನ್ನು ಕೇಳಿದಳು, "ಅಜ್ಜಿ, ಬೀ ಮೊದ್ಲೇ ಸ್ಮೆಲ್ ಮಾಡಿದೆ ಅಲ್ವಾ?"

"ಜೇನು ಮೂಸೋಕೆ ಬರಲ್ಲ ಮರಿ. ಕೆಲಸಕ್ಕೆ ಬರತ್ತೆ."

ಹಸಿರು ಕೋಟು

ದ್ವೀಪದಿಂದ ಹೊರಗೆ ಹೋಗುವ ಹೂವನ್ನು ಏರ್‌ಪೋರ್ಟಿನಲ್ಲಿ ಕೃಷಿ ಇಲಾಖೆಯವರು ತಪಾಸಣೆ ಮಾಡುತ್ತಾರೆ. ಅಧಿಕಾರಿ ಮರ್ಯಾದೆಯಿಂದಲೇ ಡಬ್ಬ ತೆರೆಯಲು ಹೇಳಿದರು. ಅತ್ತೆ ಒಂದು ಬೆರಳಿನಷ್ಟು ಮುಚ್ಚಳ ಎತ್ತಿ, ಅವರ ಮೂಗಿನ ಮೇಲೇ ಕಣ್ಣಿಟ್ಟರು. ಅವರು ಮೂಸಲಿಲ್ಲ. ಇನ್ನೂ ಸ್ವಲ್ಪ ತೆರೆಯಿರಿ ಎಂದರು. ಅತ್ತೆ ಪೂರ್ತಿ ತೆರೆದರು. ಪಕ್ಕದಲ್ಲಿ ಹಸಿರು ಕೋಟು ಹಾಕಿಕೊಂಡು ನಿಂತಿದ್ದ ತಪಾಸಣೆಯ ನಾಯಿ ಮುಂದೆ ಬಂದು, ಡಬ್ಬದೊಳಗೆ ಮೂತಿ ಇಟ್ಟು, ಒಂದೊಂದೇ ಹೂವನ್ನು ಸಾವಕಾಶವಾಗಿ ಮೂಸಿತು.

ಅಧಿಕಾರಿ ಪಾಸ್ ಎಂದರು. ಅತ್ತೆಯ ಕಣ್ಣಲ್ಲಿ ನೀರು.

ಮಗಳು ಅತ್ತೆಯ ಸೆರಗು ಜಗ್ಗಿದಳು. "ಅಜ್ಜಿ, ಅದೂ ಕೆಲಸಕ್ಕೇ ಬಂದಿದೆ."

ಅತ್ತೆ ನಾಯಿಯನ್ನು ನೋಡಿದರು, ಅದರ ಕೋಟು ನೋಡಿದರು, ಡಬ್ಬ ಮುಚ್ಚಿದರು. ಶುಕ್ರವಾರ ರಾಲಿಯಲ್ಲಿ ಲಕ್ಷ್ಮಿಗೆ ಅದೇ ಹೂವು ಏರಿತು. ಅರಿಶಿನ ಕುಂಕುಮಕ್ಕೆ ಬಂದ ಆಂಟಿಯೊಬ್ಬರು ಎಷ್ಟು ಚೆನ್ನಾಗಿದೆ ಎಂದು ಹೂವಿನ ಕಡೆಗೆ ಬಗ್ಗಿದರು.

ಅತ್ತೆ ಕೈ ಅಡ್ಡ ಹಿಡಿದರು. "ಮೂಸಬೇಡಿ. ಆಗಲೇ ಡಿಪಾರ್ಟ್‌ಮೆಂಟಿನವರು ಮೂಸಿ ಪಾಸ್ ಮಾಡಿದ್ದಾರೆ."