ಕೊಸರಿಗೆ ಹೋದ ಹೆಬ್ಬಾವು

ಸಾಗರದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಈ ಮಂಜಪ್ಪನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಹುಟ್ಟಿದ್ದ. ಒಂದು ಮೊಳ ಉದ್ದವಿದ್ದ. ಕೈಕಾಲು ಇರಲಿಲ್ಲ!

ನನ್ನ ವ್ಯಾಪಾರದ ಸೂತ್ರ ಬಹಳ ಸರಳ. ಕೊಳ್ಳುವಾಗ ಕುಂದು ಹುಡುಕಬೇಕು, ಮಾರುವಾಗ ಕೊಸರು ಕೊಡಬೇಕು. ಬಸ್‌ಸ್ಟ್ಯಾಂಡ್ ಪಕ್ಕ ಗೋಣಿತಾಟು ಹಾಸಿ ಸೊಟ್ಟ ಪಾತ್ರೆ ಮಾರುತ್ತಿದ್ದ ಕಾಲದಿಂದ ಇದನ್ನು ಬಿಟ್ಟಿಲ್ಲ. ಸೊಪ್ಪು ಕೊಂಡವರಿಗೆ ಮೇಲೊಂದು ಎಸಳು ಕರಿಬೇವು ಪುಕ್ಕಟೆ ಸಿಕ್ಕರೆ ಆಗುವ ಸಂತೋಷ ಇದೆಯಲ್ಲ, ಅದಕ್ಕೇ ಗಿರಾಕಿ ಮತ್ತೆ ಬರುವುದು. ವ್ಯಾಪಾರ ಶುರು ಮಾಡುವ ಹುಡುಗರು ಇದನ್ನು ಬರೆದಿಟ್ಟುಕೊಳ್ಳಬಹುದು.

ಇಷ್ಟೆಲ್ಲ ತಿಳಿದ ನಾನು ಆವತ್ತು ತೀರ್ಥಹಳ್ಳಿಗೆ ಹೋದದ್ದು ಫೋಟೋಗ್ರಾಫರ್ ಪ್ರವೀಣನ ಹಳೇ ಸ್ಟುಡಿಯೋ ಲೈಟುಗಳನ್ನು ಕೊಳ್ಳಲು. ಅವನು ಲೈಟು ತೋರಿಸಿ ಮುಗಿಸಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳ ತೆಗೆದ. ಒಳಗೆ ಬೋರಲಾಗಿ ಇಟ್ಟ ತೆಂಗಿನ ಚಿಪ್ಪು. ಚಿಪ್ಪು ಎತ್ತಿದರೆ, ಕಪ್ಪು ರೇಷ್ಮೆಯ ಮೇಲೆ ಯಾರೋ ಜೋನಿಬೆಲ್ಲ ಚೆಲ್ಲಿದ ಹಾಗೆ ಒಂದು ಉಂಡೆ.

"ಎಂತದೋ ಇದು?"

"ರಾಯಲ್ ಪೈಥಾನ್ ಮರಿ, ಮಂಜಣ್ಣ. ಆಫ್ರಿಕಾದ ಹೆಬ್ಬಾವಿನ ಜಾತಿ. ವಿಷ ಇಲ್ಲ. ಹೆದರಿಕೆ ಆದ್ರೆ ತಲೆ ಒಳಗಿಟ್ಟುಕೊಂಡು ಹೀಗೆ ಉಂಡೆ ಆಗ್ತದೆ, ಅಷ್ಟೇ."

ನೋಡುತ್ತಿದ್ದ ಹಾಗೆ ಉಂಡೆ ಬಿಚ್ಚಿಕೊಂಡಿತು. ಹೆಬ್ಬೆರಳಿನಷ್ಟು ತಲೆ ಮೇಲೆ ಬಂತು. ಪ್ರವೀಣ ಅದನ್ನು ನನ್ನ ಅಂಗೈ ಮೇಲೆ ಬಿಟ್ಟ. ತಣ್ಣಗಿರುತ್ತದೆ, ಲೋಳೆ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಒಣಗಿದ ಹೂವಿನ ಎಸಳು ಕೈಮೇಲೆ ಹರಿದ ಹಾಗಿತ್ತು. ಮಣಿಕಟ್ಟಿಗೆ ಒಂದು ಸುತ್ತು ಹಾಕಿ, ಅಲ್ಲೇ ನಿಂತು, ನನ್ನನ್ನು ನೋಡಿತು. ನನ್ನ ಜೀವಮಾನದಲ್ಲಿ ನನ್ನನ್ನು ಅಷ್ಟು ಹೊತ್ತು ನೋಡಿ ಏನೂ ರೇಟು ಕೇಳದ ಪ್ರಾಣಿ ಅದೊಂದೇ.

ಲೈಟು ಮರೆತೆ!

ಇಲ್ಲೊಂದು ಸಲಹೆ. ನಮ್ಮ ಕಾಡಿನ ಹೆಬ್ಬಾವನ್ನು ಮನೆಗೆ ತಂದರೆ ಜೈಲು. ಇದು ಹೊರದೇಶದ್ದು; ಪ್ರವೀಣ ಸರ್ಕಾರಕ್ಕೆ ತಿಳಿಸಿಯೇ ಸಾಕಿದ್ದ, ನನ್ನ ಹೆಸರಿಗೂ ಕ್ರಮವಾಗಿ ಮಾಡಿಸಿಕೊಟ್ಟ. ಹಾಗಂತ ಚೌಕಾಸಿ ಬಿಡಲಾಗುತ್ತದೆಯೇ? ಕುಂದು ಹುಡುಕಿದೆ.

"ಇದಕ್ಕೆ ಕಿವಿ ಇಲ್ಲವಲ್ಲೋ."

"ಯಾವ ಹಾವಿಗೂ ಇಲ್ಲ, ಮಂಜಣ್ಣ."

"ಕಣ್ಣಿನ ರೆಪ್ಪೆನೂ ಇಲ್ಲ. ಇಲ್ಲದ್ದು ಇಲ್ಲವೇ. ಇಳಿಸು."

ಇಳಿಸಿದ. ಮೇಲೆ ಕೊಸರು ಕೇಳಿದೆ. ತಲೆ ಕೆರೆದುಕೊಂಡು ಫ್ರೀಜರಿನಿಂದ ಒಂದು ಪೊಟ್ಟಣ ಇಲಿಮರಿ ಕೊಟ್ಟ. ಮಂಜುಗಡ್ಡೆಯಾಗಿದ್ದ ಇಲಿಗಳು! ಕೊಟ್ಟು, ಮುಖ ಗಂಭೀರ ಮಾಡಿ ಹೇಳಿದ: "ಸಣ್ಣ ಡಬ್ಬಿಯಲ್ಲೇ ಇಡಿ. ಅಡಗಿಕೊಳ್ಳೋಕೆ ಇಕ್ಕಟ್ಟಾದ ಜಾಗ ಬೇಕು. ಒಂದು ವಾರ ಮುಟ್ಟಬೇಡಿ, ಯಾರಿಗೂ ತೋರಿಸಬೇಡಿ. ಆಮೇಲೆ ಇಲಿಮರಿಯನ್ನ ಕವರಿನ ಸಮೇತ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ ಕೊಡಿ. ತಿಂಗಳಾದ್ರೂ ತಿನ್ನದಿದ್ರೆ ನಾನೇ ಬಂದು ವಾಪಸ್ ತಗೊಂಡು ಹೋಗ್ತೀನಿ. ಇದು ಹಳೇ ಸಾಮಾನಲ್ಲ, ಜೀವ."

"ನನಗೆ ಹೇಳ್ತೀಯೇನೋ? ಗುಜರಿ ಫ್ರಿಜ್ಜಿಗೇ ಜೀವ ಕೊಟ್ಟವನು ನಾನು!" ಎಂದು ಹೊರಟೆ.

ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರಾ ಡಬ್ಬಿಯೊಳಗೆ ಬಗ್ಗಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಸಿಕ್ಕಿದ್ದರಿಂದ ನಿಂತಳು.

"ಇದು ಎಂತ ತಿನ್ನತ್ತೆ?"

"ಇಲಿ."

"ನಮ್ಮನೇಲಿ ಇಲಿ ಇದೆ ಅಂತ ಯಾರ್ರೀ ಹೇಳಿದ್ದು ನಿಮಗೆ?"

"ಇಲ್ಲ ಮಾರಾಯ್ತಿ. ಅದಕ್ಕೇ ತಂದಿದೀನಿ."

"ಇಲಿ ಕಾಟಕ್ಕೆ ಬೆಕ್ಕು ತರೋರನ್ನ ನೋಡಿದೀನಿ. ಹಾವಿಗೋಸ್ಕರ ಇಲಿ ತರೋರನ್ನ ಇವತ್ತೇ ನೋಡಿದ್ದು!"

ಆದರೂ ಹೆಸರಿಟ್ಟವಳು ಅವಳೇ. "ಕೆಲಸ ಇಲ್ಲ, ಬೆಚ್ಚಗಿನ ಜಾಗ ಬೇಕು, ಊಟ ಕೂತಲ್ಲಿಗೇ ಬರಬೇಕು. ಇದು ಧಣಿ ಅಲ್ದೆ ಇನ್ನೆಂತ?" ಎಂದಳು. ಹಾಗೆ ಹೇಳುವಾಗ ಹಾವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಇರಲಿ.

ಈಗ ಧಣಿಗಳ ಅರಮನೆಯ ವಿಷಯ. ರಾಜ ಹೆಬ್ಬಾವು ಎಂದಮೇಲೆ ಸೋಪಿನ ಡಬ್ಬಿಯಂಥದರಲ್ಲಿ ಇಡುವುದೇ? ಮನೆಗೆ ಅಂಟಿಕೊಂಡೇ ಇರುವ ನನ್ನ ಅಂಗಡಿಯಲ್ಲಿ ಮುಚ್ಚಿಹೋದ ಬೇಕರಿಯೊಂದರ ಗಾಜಿನ ಶೋಕೇಸು ಇತ್ತು. ಆಳೆತ್ತರ, ಒಳಗೆ ಬಲ್ಬು. ಕೊಳ್ಳುವಾಗ ಹಿಂದಿನ ಜಾರುಬಾಗಿಲಲ್ಲಿ ಒಂದು ಸಂದು ಪತ್ತೆಹಚ್ಚಿ, ಅದನ್ನೇ ಹತ್ತು ಸಲ ತೋರಿಸಿ ಬೆಲೆ ಇಳಿಸಿದ್ದೆ. ಧಣಿಗಳನ್ನು ಅದರೊಳಗೆ ಬಿಟ್ಟೆ. ಗಾಜಿನ ಮೇಲೆ "ಶುದ್ಧ ತುಪ್ಪದ ತಿನಿಸುಗಳು" ಎಂಬ ಅಂಟುಚೀಟಿ ಹಾಗೇ ಇತ್ತು. ಮೈಸೂರುಪಾಕ್ ಇಡುತ್ತಿದ್ದ ಮೂಲೆಗೆ ಧಣಿಗಳು ಓಡಿಹೋಗಿ ಉಂಡೆಯಾದರು. ದೂರದಿಂದ ನೋಡಿದವರಿಗೆ ಎಳ್ಳುಂಡೆ!

ಜನ ಬಂದರು. ಬಂದವರಿಗೆಲ್ಲ ತೋರಿಸಿದೆ. ಪ್ರವೀಣ ಹೇಳಿದ ಒಂದು ವಾರ ನನಗೆ ಮೂರು ದಿನಕ್ಕೇ ಮುಗಿದುಹೋಯಿತು. ಮನೆಗೆ ಬಂದವರನ್ನು ಉಪವಾಸ ಕೂರಿಸುವುದು ನಮ್ಮ ಕಡೆ ಪದ್ಧತಿಯೇ ಅಲ್ಲ. ನಮ್ಮಲ್ಲಿ ನೆಂಟರು ಊಟ ಬೇಡ ಎಂದರೆ ಅದು ಬೇಡ ಎಂದಲ್ಲ, ಇನ್ನೂ ನಾಲ್ಕು ಸಲ ಹೇಳಿ ಎಂದರ್ಥ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲಾದರೂ ಪಾಯಸ ಬಡಿಸುವವರು ನಾವು! ಇಲಿಮರಿ ಬೆಚ್ಚಗೆ ಮಾಡಿ, ಸುಮಿತ್ರಾಳ ಇಕ್ಕಳದಲ್ಲಿ ಹಿಡಿದು, ಧಣಿಗಳ ಮುಂದೆ ಆಡಿಸಿದೆ.

"ತಗೊಳ್ಳಿ ಧಣಿ, ನಾಚ್ಕೋಬೇಡಿ. ಒಂಚೂರು. ತಲೆ ಮಾತ್ರ..."

ಧಣಿಗಳು ತಮ್ಮ ತಲೆಯನ್ನೇ ಒಳಗೆ ಹಾಕಿಕೊಂಡರು.

ಪಕ್ಕದ ಮನೆ ಲಲಿತಕ್ಕ ಗಾಜಿಗೆ ಮೂಗು ಒತ್ತಿ, "ತಣ್ಣಗಾಗಿರ್ಬೇಕು ಮಂಜಣ್ಣ. ಆರಿದ್ರೆ ನಮ್ಮನೆಯವರೂ ಮುಟ್ಟೋದಿಲ್ಲ" ಎಂದರು. ಮತ್ತೆ ಬಿಸಿ ಮಾಡಿದೆ. ಮತ್ತೆ ಉಪಚಾರ ಮಾಡಿದೆ. ಮರುದಿನವೂ ಮಾಡಿದೆ. ಅದರಾಚೆಗೂ ಮಾಡಿದೆ. ಧಣಿಗಳು ಉಂಡೆ ಬಿಚ್ಚಲಿಲ್ಲ. ಕೊನೆಗೆ ಬಿಚ್ಚಿದ್ದು ಸುಮಿತ್ರಾಳ ಬಾಯಿ. "ಇದು ನಾನು ಬಾಣಲೆ ಇಳಿಸೋ ಇಕ್ಕಳ ಅಲ್ವಾ?" ಹೊಸ ಇಕ್ಕಳ ತರಬೇಕಾಯಿತು. ಚೌಕಾಸಿ ಮಾಡುವ ಮನಸ್ಸಿರಲಿಲ್ಲ. ನನ್ನ ಸ್ಥಿತಿ ಇದರಿಂದಲೇ ಊಹಿಸಿ!

ನಗುವ ವಿಷಯವಲ್ಲ. ದಿನ ಹೋದ ಹಾಗೆ ನನಗೆ ದಿಗಿಲಾಗತೊಡಗಿತು. ಅಂಗಡಿ ಬಾಗಿಲು ಹಾಕಿದ ಮೇಲೆ ಶೋಕೇಸಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಯಾರೂ ಇಲ್ಲದಾಗ ಮಾತ್ರ ಅದರ ತಲೆ ಹೊರಗೆ ಬರುತ್ತಿತ್ತು. ತುಟಿಯಂಚಿನಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳು. ಅವುಗಳಿಂದಲೇ ಅದು ಬಿಸಿಯನ್ನು ಕಾಣುತ್ತದಂತೆ. ಕತ್ತಲಲ್ಲಿ ನನ್ನ ಅಂಗೈ ಅದಕ್ಕೆ ಕೆಂಡದ ಹಾಗೆ ತೋರುತ್ತದೋ ಏನೋ! ಇಷ್ಟು ಸೂಕ್ಷ್ಮವಾಗಿ ಮಾಡಿದ ಒಂದು ಜೀವ ನನ್ನ ಕೈಗೆ ಬಂದು ಹಸಿವಿನಿಂದ ಸಾಯುವುದೇ? ಪ್ರವೀಣ ಫೋನು ಮಾಡಿ, "ಭಾನುವಾರಕ್ಕೆ ತಿಂಗಳಾಗ್ತದೆ, ಬರ್ತೀನಿ ಮಂಜಣ್ಣ. ತಿಂದಿರದಿದ್ರೆ ಕರ್ಕೊಂಡು ಹೋಗ್ತೀನಿ" ಎಂದ. ಕೊಂಡ ಮಾಲು ವಾಪಸ್ ಕೊಡುವುದೆಂದರೆ ನನಗೆ ಸಂತೋಷ. ಈ ಸಲ ಮಾತ್ರ ಸ್ಟೂಲನ್ನು ಗಾಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಶನಿವಾರ ಬೆಳಿಗ್ಗೆ ಹೊಸನಗರದ ಶಾರದಕ್ಕ ಬಂದರು. ಬ್ಲೌಸು ಹೊಲಿಯುವವರು, ನನ್ನ ಹಳೇ ಗಿರಾಕಿ. ಚೌಕಾಸಿಯಲ್ಲಿ ನನಗೆ ಸರಿಸಾಟಿ. ಹೊಲಿಗೆ ಮಿಷನ್ನೊಂದು ಆರಿಸಿ, ಕುಂದು ಹೇಳಿ, ಬೆಲೆ ಮುರಿದು, ಕೊನೆಗೆ ಸುತ್ತ ಕಣ್ಣು ಹಾಯಿಸಿದರು. "ಕೊಸರಿಗೆ ಆ ಕೆಟ್ಟ ರೇಡಿಯೋ ಕೊಡಿ, ಮಂಜಣ್ಣ. ಶೋಗೆ ಇಡ್ತೀನಿ."

ಅದು ಮರದ ಹಳೇ ರೇಡಿಯೋ. ಹಿಂಬದಿಯ ರಟ್ಟಿನಲ್ಲಿ ಬಿಲ್ಲೆಯಗಲದ ತೂತು. ಶೋಕೇಸಿನ ಹಿಂದೆ, ಬಲ್ಬಿನ ಶಾಖ ತಾಗುವ ಜಾಗದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಪೀಡೆ ತೊಲಗಿತೆಂದು ನಾನೇ ಎತ್ತಿ ಲಗೇಜ್ ಆಟೋದಲ್ಲಿ ಇಟ್ಟೆ. "ಶಾರದಕ್ಕ, ಇಂಥ ಕೊಸರು ನಿಮಗೆ ಸಾಗರದಲ್ಲಿ ಬೇರೆ ಯಾರೂ ಕೊಡೋದಿಲ್ಲ!" ಎಂದೆ.

ಆ ಮಾತು ನೂರಕ್ಕೆ ನೂರು ನಿಜವಾಗಿತ್ತು.

ಮಧ್ಯಾಹ್ನ ನೋಡಿದರೆ ಶೋಕೇಸು ಖಾಲಿ! ಹಿಂದಿನ ಸಂದಿನಲ್ಲಿ ಒಂದು ಜೇಡರಬಲೆ ಹರಿದಿತ್ತು. ಹತ್ತು ಸಲ ತೋರಿಸಿ ಬೆಲೆ ಇಳಿಸಿದ್ದ ಅದೇ ಸಂದು! ಇಡೀ ಅಂಗಡಿ ಮಗುಚಿದೆವು. ಬಕೆಟ್ಟು, ಕುಕ್ಕರು, ಹಾರ್ಮೋನಿಯಂ, ಯಾವುದರಲ್ಲೂ ಇಲ್ಲ. ಹಾವು ಕಂಡರೆ ಗೋಡೆಗೆ ಅಂಟುತ್ತಿದ್ದ ಸುಮಿತ್ರಾ ಮಂಚದ ಕೆಳಗೆ ಮಂಡಿಯೂರಿ, "ಧಣೀ... ಧಣೀ..." ಎಂದು ಕರೆಯುತ್ತಿದ್ದಳು.

"ಅದಕ್ಕೆ ಕಿವಿ ಇಲ್ಲ ಕಣೆ."

"ನಿಮಗೆ ಇದೆಯಲ್ಲ, ಏನು ಉಪಯೋಗ ಆಯ್ತು? ಪ್ರವೀಣ ಹೇಳಿದ ಒಂದು ಮಾತಾದ್ರೂ ಒಳಗೆ ಹೋಯ್ತಾ?"

ಆಗಲೇ ಫೋನು ಬಂತು. ಶಾರದಕ್ಕ.

"ಮಂಜಣ್ಣ, ನಿಮ್ಮ ರೇಡಿಯೋ ಒರೆಸ್ತಾ ಇದ್ದೆ. ಒಳಗಿಂದ ಯಾರೋ ನೋಡಿದ ಹಾಗಾಯ್ತು."

"ನಾಲಿಗೆ ಹೊರಗೆ ಹಾಕ್ತಾ?"

"ಹಾಕ್ತು."

"ಅದೇ ಶಾರದಕ್ಕ! ಹೊಡೀಬೇಡಿ! ವಿಷ ಇಲ್ಲ! ನಮ್ಮದೇ!"

"ಹೊಡಿಯೋದು ಎಂತಕ್ಕೆ? ಪಾಪ, ಹೊರಗೂ ಬರಲ್ಲ, ಎಂತದೂ ಮಾಡಲ್ಲ. ಮೇಲೆ ಬ್ಲೌಸಿನ ಬಟ್ಟೆ ಮುಚ್ಚಿ, ಬಾಗಿಲು ಹಾಕಿದೀನಿ. ಬನ್ನಿ."

ವ್ಯಾನು ತೆಗೆದೆ. ಸುಮಿತ್ರಾ ಟಿಫಿನ್ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಳು. ನನಗೆ ತಿಂಡಿಯಿರಬೇಕು ಎಂದುಕೊಂಡೆ. ಇಲಿಮರಿ! ದಾರಿಯುದ್ದಕ್ಕೂ ಪ್ರವೀಣನಿಗೆ ಫೋನು ಹಚ್ಚಿ ಎಲ್ಲ ಕೇಳಿಕೊಂಡಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದಳು.

"ನಾನು ಮದುವೆಯಾಗಿ ಬಂದ ದಿನ ನೆನಪಿದ್ಯಾ? ನಿಮ್ಮ ಕಡೆಯವರೆಲ್ಲ ಸುತ್ತ ನಿಂತು ಉಣ್ಣಮ್ಮ ಉಣ್ಣು, ನಾಚ್ಕೋಬೇಡ ಉಣ್ಣು ಅಂತ ಬಾಯಿ ನೋಡ್ತಾ ಇದ್ರು. ಒಂದು ತುತ್ತು ತಿಂದ್ನಾ ನಾನು?"

"ಇಲ್ಲ."

"ಆಮೇಲೆ ಅಡುಗೆಮನೆ ಬಾಗಿಲ ಹಿಂದೆ ಒಬ್ಬಳೇ ಕೂತು ಮೂರು ಸೌಟು ಅನ್ನ ಉಂಡೆ. ಅಷ್ಟೇ, ಧಣಿಗೂ ಬೇಕಾದ್ದು."

ರಿಪ್ಪನ್‌ಪೇಟೆ ದಾಟುವವರೆಗೂ ಇಲಿಮರಿಯ ಡಬ್ಬಿ ಅಲುಗದ ಹಾಗೆ ಗುಂಡಿ ತಪ್ಪಿಸಿ ವ್ಯಾನು ಓಡಿಸಿದೆ.

ಶಾರದಕ್ಕನ ಮನೆಯಲ್ಲಿ ಕಿಟಕಿ ಮುಚ್ಚಿದ ಸಣ್ಣ ಕೋಣೆ. ಬಿಸಿನೀರಿಗೆ ಒಂದು ಚೊಂಬು ಕೊಟ್ಟರು. ಅದರೊಳಗೆ ಇಳಿಯುವುದೇನೆಂದು ತಿಳಿದ ತಕ್ಷಣ, "ಆ ಚೊಂಬು ನಿಮ್ಮದೇ" ಎಂದರು. ಸುಮಿತ್ರಾ ಬೆಚ್ಚಗಾದ ಇಲಿಮರಿಯನ್ನು ಒರೆಸಿ, ಮನೆಯಿಂದ ತಂದಿದ್ದ ಹಳೇ ಇಕ್ಕಳದಲ್ಲಿ ಹಿಡಿದು, ರೇಡಿಯೋದ ತೂತಿನ ಮುಂದೆ ತಂದಳು. ನನಗೆ ತಡೆಯಲಾಗಲಿಲ್ಲ. "ಒಂಚೂರು..." ಎಂದು ಬಾಯಿ ತೆರೆದೆ. ಅವಳು ತಿರುಗಿ ನೋಡಿದಳು. ಮುಚ್ಚಿದೆ.

ತೂತಿನೊಳಗೆ ಕತ್ತಲು. ಕತ್ತಲಿನಿಂದ ಕವಲು ನಾಲಿಗೆ ಬಂತು, ಹೋಯಿತು. ಮೂತಿ ಬಂತು. ಕೊರಳು ನಿಧಾನಕ್ಕೆ ಹಿಂದಕ್ಕೆ ಮಡಚಿಕೊಂಡಿತು, ಬರೆಯುವ ಮೊದಲು ಕೈ ಎತ್ತಿ ಹಿಡಿದ ಹಾಗೆ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಕಣ್ಣು ಮಿಟುಕಿಸಿರಬೇಕು. ಇಕ್ಕಳ ಬರಿದಾಗಿತ್ತು! ರೆಪ್ಪೆ ಇಲ್ಲದಿರುವುದು ಯಾಕೆಂದು ಆಗ ತಿಳಿಯಿತು. ನಾನು ಕುಂದು ಎಂದದ್ದು ಅದರ ಬಂಡವಾಳ.

ಸುತ್ತು ಬಿಗಿದು, ಸಡಿಲಿಸಿ, ಆತುರವಿಲ್ಲದೆ ತಲೆಯ ಕಡೆಯಿಂದ ನುಂಗತೊಡಗಿತು. ದವಡೆ ಒಂದು ಪಕ್ಕ ಮುಂದಕ್ಕೆ, ಆಮೇಲೆ ಇನ್ನೊಂದು ಪಕ್ಕ, ಹೆಜ್ಜೆ ಇಟ್ಟ ಹಾಗೆ. ಕೈಯಿಲ್ಲ, ಕಾಲಿಲ್ಲ, ಯಾರ ಉಪಚಾರವೂ ಬೇಕಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿ ಎತ್ತಿದಾಗ ನಿಲ್ಲುವ ಹಾಗೆ ಮೂವರೂ ನಿಂತಿದ್ದೆವು. ಶಾರದಕ್ಕ ಮೆಲ್ಲಗೆ, "ಎಂತ ಚೆಂದ!" ಎಂದರು. ಸುಮಿತ್ರಾ ಕಣ್ಣೊರೆಸಿಕೊಂಡಳು. ನಾನು ಒಂದೂ ಕುಂದು ಹುಡುಕಲಿಲ್ಲ. ಮೂವತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಸಲ!

ಪ್ರವೀಣನಿಗೆ ಹೇಳಿದೆವು. "ಹಂಗಾದ್ರೆ ನಾನು ನಾಳೆ ಬರೋದಿಲ್ಲ, ಮಂಜಣ್ಣ. ಎರಡು ದಿನ ಅಲ್ಲಾಡಿಸಬೇಡಿ. ಆ ರೇಡಿಯೋ ಮಾತ್ರ ಬಿಡಬೇಡಿ, ಅದಕ್ಕೆ ಆ ಮನೆ ಹಿಡಿಸಿದೆ" ಎಂದ. ಫೋನು ಸ್ಪೀಕರಿನಲ್ಲಿತ್ತು. ಶಾರದಕ್ಕ ಕೇಳಿಸಿಕೊಂಡರು. ಅವರ ಮುಖದಲ್ಲಿ ಒಂದು ಬೆಳಕು ಹತ್ತಿತು. ಆ ಬೆಳಕು ನನಗೆ ಚೆನ್ನಾಗಿ ಗೊತ್ತು. ಗಿರಾಕಿಗೆ ಮಾಲು ಬೇಕೇ ಬೇಕು ಎಂದು ತಿಳಿದಾಗ ನನ್ನ ಮುಖದಲ್ಲೂ ಹತ್ತುತ್ತದೆ.

"ರೇಡಿಯೋ ಈಗ ನಂದಲ್ವಾ, ಮಂಜಣ್ಣ?"

"ಅದು ಹಾಡೋದೇ ಇಲ್ಲ, ಶಾರದಕ್ಕ."

"ಹಾಡದಿದ್ರೆ ಒಳ್ಳೇದೇ ಆಯ್ತು. ಧಣಿಗಳಿಗೆ ನಿದ್ದೆ ಬರ್ಬೇಕಲ್ಲ."

"ಹಿಂದೆ ತೂತು ಇದೆ."

"ತೂತಿಲ್ಲದಿದ್ರೆ ನಿಮ್ಮ ಹಾವು ಎಲ್ಲಿಂದ ಉಣ್ತಿತ್ತು?"

ನಾನು ಹೇಳಿದ ಕುಂದೆಲ್ಲ ಅವರ ಬಾಯಲ್ಲಿ ಗುಣವಾಗಿ, ಬೆಲೆ ಏರುತ್ತಲೇ ಹೋಯಿತು. ಸಹಾಯಕ್ಕೆಂದು ಸುಮಿತ್ರಾಳ ಮುಖ ನೋಡಿದೆ. ಅವಳು, "ಕೊಟ್ಟುಬಿಡಿ ರೀ, ನಾಚ್ಕೋಬೇಡಿ" ಎಂದಳು.

ಪುಕ್ಕಟೆ ಕೊಟ್ಟ ಕೆಟ್ಟ ರೇಡಿಯೋವನ್ನು ಚೆನ್ನಾಗಿ ಹಾಡುವ ರೇಡಿಯೋದ ಬೆಲೆ ಕೊಟ್ಟು ಕೊಂಡೆ. ಎರಡು ದಿನ ಬಿಟ್ಟು ತರಲು ಹೋದಾಗ ಶಾರದಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಲುಗಾಡದಂತೆ ವ್ಯಾನಿನಲ್ಲಿಟ್ಟು, ನಗುತ್ತ ಹೇಳಿದರು:

"ರೇಡಿಯೋಗೆ ದುಡ್ಡು ಕೊಟ್ರಿ. ಒಳಗಿರೋದು ಕೊಸರು ಅಂತ ಇಟ್ಕೊಳ್ಳಿ."